ಜೂಲಿಯ ಆರನೇ ಮರಿ

ಲಕ್ಷ್ಮಣಪ್ಪನವರು ಬಿಳಿ ಮರಿಯ ಕತ್ತಿನ ತೊಗಲು ಹಿಡಿದು ಬೆಳಕಿಗೆ ಎತ್ತಿದಾಗ ಅನುಸೂಯಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಹುಟ್ಟಿ ಹನ್ನೆರಡು ದಿನವಾಗಿದ್ದ ಮರಿ ಆಗಷ್ಟೇ ಕಣ್ಣು ಬಿಡತೊಡಗಿತ್ತು. ಗಾಳಿಯಲ್ಲಿ ಕಾಲು ಬಡಿಯುತ್ತ ಕುಂಯ್‌ಗುಟ್ಟಿತು.

"ಇದೊಂದು ಕೆಡಿಸ್ತು ನೋಡಿ ನರಸಿಂಹಯ್ಯ. ಅಲ್ಸೇಷಿಯನ್‌ನಲ್ಲಿ ವೈಟ್ ಬಂದ್ರೆ ಫಾಲ್ಟು. ಇದನ್ನ ರಿಜಿಸ್ಟ್ರೇಷನ್ ಫಾರಂನಲ್ಲಿ ತೋರಿಸಿದ್ರೆ ಅಪ್ಪ ಅಂತ ನನ್ನ ಸುಲ್ತಾನನ ಹೆಸರು ಹಾಳಾಗುತ್ತೆ. ಹುಟ್ಟಿದ್ದೇ ಐದು ಅಂತ ಬರೆಯೋಣ. ಇದನ್ನ ತೆಗೆದ್ಬಿಡಿ."

"ತೆಗೆಯೋದು ಅಂದ್ರೆ ಸಾರ್?" ಎಂದ ಅವಳ ಗಂಡ ನರಸಿಂಹಯ್ಯ.

"ಒಂದು ಬಕೀಟು ನೀರು ಸಾಕು. ಎರಡು ನಿಮಿಷದ ಕೆಲಸ." ಮರಿಯನ್ನು ಗೋಣಿಯ ಮೇಲೆ ಹಾಕಿ, ಕರವಸ್ತ್ರಕ್ಕೆ ಕೈ ಒರೆಸಿಕೊಂಡು, ಅನುಸೂಯಮ್ಮನ ತಟ್ಟೆಯಿಂದ ಲೋಟ ಎತ್ತಿಕೊಂಡರು. "ಕಾಫಿ ಘಮಘಮ ಅಂತಿದೆ ತಾಯಿ."

ಲಕ್ಷ್ಮಣಪ್ಪನವರು ಪೀಣ್ಯದ ಕಾರ್ಖಾನೆಯೊಂದರ ಮ್ಯಾನೇಜರು. ಅಲ್ಲೇ ಹದಿನಾಲ್ಕು ವರ್ಷ ಲೇತ್ ಯಂತ್ರದ ಮುಂದೆ ನಿಂತ ನರಸಿಂಹಯ್ಯನಿಗೆ ಈಗ ಫೋರ್‌ಮನ್ ಆಗುವ ಆಸೆ. ಆದರೆ ಮರಿಗಳ ತಾಯಿ ಜೂಲಿ ಅನುಸೂಯಮ್ಮನ ನಾಯಿ. ಜಾಲಹಳ್ಳಿಯಲ್ಲಿ ಅವಳು ಬಟ್ಟೆ ಹೊಲಿದುಕೊಡುತ್ತಿದ್ದ ಏರ್‌ಫೋರ್ಸ್ ಅಧಿಕಾರಿಯ ಹೆಂಡತಿ, ವರ್ಗವಾಗಿ ಹೋಗುವಾಗ, ಮೂರು ತಿಂಗಳ ಜೂಲಿಯನ್ನು ಕೊಟ್ಟು ನಾಯಿಗಳ ತಳಿ ದಾಖಲಿಸುವ ಕೆನಲ್ ಕ್ಲಬ್ಬಿನ ಕಾಗದವನ್ನೂ ಅವಳ ಹೆಸರಿಗೇ ಮಾಡಿಸಿದ್ದರು. ಜೂಲಿಯ ಅಪ್ಪ, ಅಮ್ಮ, ಅಜ್ಜ, ಮುತ್ತಜ್ಜಿಯರ ಹೆಸರೆಲ್ಲ ಅದರಲ್ಲಿ ಅಚ್ಚಾಗಿತ್ತು. ಅವರಿದ್ದ ಲಗ್ಗೆರೆಯಲ್ಲಿ ಮನುಷ್ಯರಿಗೂ ಅಂಥ ಕಾಗದವಿರಲಿಲ್ಲ. ಮರಿಗಳಿಗೂ ಹಾಗೆಯೇ ಆಗಲಿ ಎಂದು ಮೊದಲು ಹಂಬಲಿಸಿದವಳು ಅವಳೇ. "ನಮ್ ಜೂಲಿ ವಂಶ ಏನು ಅಂದ್ಕೊಂಡಿದ್ದೀಯ" ಎಂದು ಪಕ್ಕದ ಮನೆಯ ಸೊಣ್ಣಮ್ಮನ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದಳೋ! ಈಗ ಅದು ನೆನಪಾಗಿ ಹುಳಿತೇಗು ಬಂದಂತಾಯಿತು. ತನ್ನ ಕಿರಿಮಗಳು ಕಪ್ಪಗೆ ಹುಟ್ಟಿದಾಗ ಅತ್ತೆಯೂ ಕೂಸನ್ನು ಹೀಗೇ ಬೆಳಕಿಗೆ ಹಿಡಿದು, "ಇದ್ಯಾರ ಕಡೆ ಬಣ್ಣವಮ್ಮಾ" ಎಂದಿದ್ದಳು.

ಮ್ಯಾನೇಜರ ಸ್ಕೂಟರಿನ ಸದ್ದು ಅಡಗಿದ ಮೇಲೆ ಅವಳು ಗಂಡನ ಎದುರು ಬಂದು ನಿಂತಳು. "ಬ್ಯಾಡ ಕಣ್ರೀ. ಸೊಣ್ಣಮ್ಮ ಸಾಕ್ಕೊತೀನಿ ಅಂತಾಳೆ, ಕೊಟ್ಬಿಡಾಣ."

"ಪಕ್ಕದ್ ಮನೇಲಿ ಬಿಳೀ ನಾಯಿ ಓಡಾಡ್ತಿದ್ರೆ ಯಾರ್ ಮರಿ ಅಂತ ಕೇಳಲ್ವಾ ಜನ? ಸಾಹೇಬ್ರು ನನ್ನ ನಂಬವ್ರೆ."

"ಅಂಗಾದ್ರೆ ದೂರ ಎಲ್ಲಾದ್ರೂ ಕೊಡಿ. ನೀರಿಗ್ ಮಾತ್ರ ಹಾಕ್ಬ್ಯಾಡಿ. ನನ್ ಮೇಲಾಣೆ."

"ಆಯ್ತು ಬಿಡೇ. ಮಾಗಡಿ ರೋಡಲ್ಲಿ ನಮ್ ಆವಲಪ್ಪನ ತೋಟಕ್ಕೆ ನಾಯಿ ಬೇಕಂತೆ. ಮನೇಲಿ ಹಸು ಐತೆ, ಅರಿವೆ ಬತ್ತೀಲಿ ಹಾಲು ಕುಡಿಸಿ ಸಾಕ್ತಾರೆ."

ಶನಿವಾರ ಅವಳು ರಾಗಿ ಬೀಸಿಸಿಕೊಂಡು ಮಿಲ್ಲಿನಿಂದ ಬರುವಷ್ಟರಲ್ಲಿ ಗೋಣಿಯ ಮೇಲೆ ಐದೇ ಮರಿಗಳಿದ್ದವು. ನರಸಿಂಹಯ್ಯ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದ. "ಸೈಕಲ್ ಮೇಲೆ ಹೋಗಿ ಬಿಟ್ಬಂದೆ. ಆವಲಪ್ಪನ ಹೆಂಡ್ರು ಮಡ್ಲಲ್ಲೇ ಇಟ್ಕೊಂಡ್ಲು," ಎಂದ. ಅನುಸೂಯಮ್ಮನ ಎದೆ ಹಗುರಾಯಿತು. ಬಿಸಿ ಕಾಫಿ ಮಾಡಿ, ಅವನಿಗೆ ಇಷ್ಟವೆಂದು ಸಕ್ಕರೆ ಒಂದು ಚಮಚ ಹೆಚ್ಚಾಗಿಯೇ ಹಾಕಿ ಕೊಟ್ಟಳು.

ಆಮೇಲೆ ನೀರಿಗೆಂದು ಹಿತ್ತಲಿಗೆ ಹೋದಳು. ಬಚ್ಚಲ ಪಕ್ಕ ಬಕೀಟು ಬೋರಲಾಗಿತ್ತು. ಯಾರೋ ಬೂದಿ, ತೆಂಗಿನ ನಾರು ಹಾಕಿ ಅದನ್ನು ಉಜ್ಜಿ ಉಜ್ಜಿ ತೊಳೆದಿದ್ದರು. ತಳ ಫಳಫಳ ಹೊಳೆಯುತ್ತಿತ್ತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನರಸಿಂಹಯ್ಯ ತಾನು ಉಂಡ ತಟ್ಟೆಯನ್ನು ಒಂದು ದಿನವೂ ತೊಳೆದವನಲ್ಲ. ಜೂಲಿ ಬಕೀಟಿನ ಸುತ್ತ ಮೂಸುತ್ತ, ಅಂಚಿನ ಕೆಳಗೆ ಮೂತಿ ತೂರಿಸಲು ನೋಡುತ್ತಿತ್ತು. ಕರಿಬೇವಿನ ಗಿಡದ ಬುಡದಲ್ಲಿ ಅಂಗೈ ಅಗಲದಷ್ಟು ಹೊಸ ಮಣ್ಣು.

ಅವಳು ಗೋಡೆ ಹಿಡಿದು ಬಗ್ಗಿ ವಾಂತಿ ಮಾಡಿಕೊಂಡಳು.

ಸದ್ದು ಕೇಳಿ ಬಂದ ನರಸಿಂಹಯ್ಯ ಬಕೀಟನ್ನೂ ಅವಳನ್ನೂ ನೋಡಿದ. "ಎಲ್ರೂ ಮಾಡೋದೇ ಕಣೇ. ಸಾಹೇಬ್ರ ಮನೇಲಿ ಎಷ್ಟು ಸಲ ಮಾಡವ್ರಂತೆ."

"ನನ್ ಮೇಲೆ ಆಣೆ ಇಟ್ಟಿದ್ದೆ."

"ಒಂದ್ ನಾಯಿಮರಿಗೆಲ್ಲ ಆಣೆ ಇಡ್ತಾರೇನೇ?"

ಅವಳು ಬಾಯಿ ತೊಳೆದುಕೊಂಡಳು. ಆ ರಾತ್ರಿಯೂ ಮರುದಿನ ಬೆಳಿಗ್ಗೆಯೂ ಏನನ್ನೂ ತಿನ್ನಲಿಲ್ಲ.

ಭಾನುವಾರ ಹತ್ತಕ್ಕೆ ಲಕ್ಷ್ಮಣಪ್ಪನವರು ಫಾರಂ ತಂದರು. ಎಲ್ಲ ಇಂಗ್ಲಿಷಿನಲ್ಲಿ ತುಂಬಿಯಾಗಿತ್ತು. ತಾಯಿನಾಯಿಯ ಒಡತಿಯ ಸಹಿಯೊಂದು ಬಾಕಿ. ಅದಾದ ಮೇಲೆ ಗಂಡುನಾಯಿಯ ಒಡೆಯರಾಗಿ ಅವರದು. ಅನುಸೂಯಮ್ಮ ಏಳನೇ ಕ್ಲಾಸಿನವರೆಗೆ ಓದಿದವಳು. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, "ಎಷ್ಟು ಹುಟ್ಟಿದ್ವು ಅಂತ ಎಲ್ಲಿ ಕೇಳವ್ರೆ ಸಾರ್?" ಎಂದಳು.

"ಇಲ್ಲಿ ನೋಡಿ ತಾಯಿ. ಐದು ಅಂತ ಹಾಕಿದೀನಿ. ನೀವು ಕೆಳಗೆ ಸೈನ್ ಮಾಡಿ, ಸಾಕು."

ಅವಳು ಪೆನ್ನು ತೆಗೆದುಕೊಂಡು ಐದನ್ನು ಹೊಡೆದುಹಾಕಿ ಆರು ಎಂದು ಬರೆದಳು. ಪಕ್ಕದ ಖಾಲಿ ಜಾಗದಲ್ಲಿ ಗುಂಡಗಿನ ಕನ್ನಡದಲ್ಲಿ, ಒಂದೊಂದೇ ಅಕ್ಷರ ಕೂಡಿಸುತ್ತ, "ಆರನೇದು ಬಿಳೀದು. ನೀರಿಗೆ ಹಾಕಿ ಸಾಯಿಸಿದ್ದು" ಎಂದು ಬರೆದು, ಸಹಿ ಮಾಡಿ, ಕಾಗದವನ್ನು ಅವರ ಕಡೆಗೆ ನೂಕಿದಳು.

"ಈಗ ನೀವು ಹಾಕಿ ಸಾರ್."

ಲಕ್ಷ್ಮಣಪ್ಪನವರು ಓದಿದರು. ಕಿವಿಯವರೆಗೂ ಕೆಂಪಾದರು. "ಏನ್ರೀ ಇದು ನರಸಿಂಹಯ್ಯ?" ಎಂದವರು ಫಾರಂ ಮಡಚಿ ಜೇಬಿಗೆ ತುರುಕಿಕೊಂಡು ಎದ್ದರು. "ನನ್ ಸೈನ್ ಇಲ್ದೆ ರಿಜಿಸ್ಟರ್ ಆಗಲ್ಲ. ಕಾಗದ ಇಲ್ದಿದ್ರೆ ಇವೂ ಬೀದಿ ನಾಯಿಗಳೇ ತಾಯಿ, ತಿಳ್ಕೊಳ್ಳಿ."

"ಇರ್ಲಿ ಬಿಡಿ ಸಾರ್. ಬೀದೀಲೇ ಬೆಳ್ಕೊಳ್ತವೆ."

ಸ್ಕೂಟರ್ ಹೊರಟುಹೋಯಿತು. ನರಸಿಂಹಯ್ಯ ಬಾಗಿಲಲ್ಲೇ ಕುಸಿದು ಕೂತ. "ಫೋರ್‌ಮನ್ ಆದಂಗೇ ಇನ್ನು. ನನ್ ಹೊಟ್ಟೆ ಮೇಲೆ ಹೊಡೆದ್ಬಿಟ್ಟೆಯಲ್ಲೇ," ಎಂದು ಬಹಳ ಹೊತ್ತು ಬೈದ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಬಡಿಸಿ ಅವನ ಕೈಗೆ ಕೊಟ್ಟಳು. ತಟ್ಟೆ ತೆಗೆದುಕೊಳ್ಳುವಾಗ ಅವನ ಬೆರಳು ತಾಕಿತು. ಅವಳು ಎದ್ದುಹೋಗಿ ಕೈ ತೊಳೆದುಕೊಂಡಳು.

ಉಂಡಾದ ಮೇಲೆ ನರಸಿಂಹಯ್ಯ ಹಿತ್ತಲಿಗೆ ಬಂದು ಗೋಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಬಾರೇ ಜೂಲಿ" ಎಂದು ಕೈ ಚಾಚಿದ. ಮರಿಗಳಿಗೆ ಹಾಲೂಡಿಸುತ್ತಿದ್ದ ಜೂಲಿ ಮಲಗಿದಲ್ಲಿಂದಲೇ ಕತ್ತು ನೀಡಿ, ಬಾಲ ಬಡಿಯುತ್ತ, ಆ ಕೈಯನ್ನು ಹಿಂದೂ ಮುಂದೂ ನೆಕ್ಕಿತು. ಬೆರಳ ಸಂದುಗಳನ್ನೂ ಬಿಡಲಿಲ್ಲ.