ಲೆಬರ್ಟನ ಅಸಲಿ ದನಿ

ಸೆಸಿಲ್ ಅಜ್ಜನಿಗೆ ಅರಳುಮರಳು ಎಂದು ವಾಟ್ಸಾಪ್ ಗುಂಪಿನಲ್ಲಿ ನಗುವವರೇ, ಬಾಯಿ ಮುಚ್ಚಿಕೊಂಡು ಈ ವಾಯ್ಸ್ ನೋಟ್ ಪೂರ್ತಿ ಕೇಳಿ. ನಿನ್ನೆ ತಿಂದದ್ದು ನನಗೆ ಮರೆತಿರಬಹುದು. ಆದರೆ ಗಾಯಕ ಲೆಬರ್ಟ್ ಫಾಲ್ಕನರ್ ತನಗೆ ಹೆಸರು ತಂದ ಆ ಹಾಡನ್ನು ಸ್ಟುಡಿಯೋದಲ್ಲಿ ಹಾಡಿದ ದಿನ ಪಕ್ಕದಲ್ಲಿ ನಿಂತು ಬೇಸ್ ಗಿಟಾರ್ ನುಡಿಸಿದವನು ನಾನು, ನಿಮ್ಮಪ್ಪನಲ್ಲ.

ಹಾಡು ಮುಗಿದದ್ದೇ ನಿರ್ಮಾಪಕ ಪೆನಂಟ್ ಮೂಗು ಮುರಿದ. “ಹೆಣದ ಮುಂದೆ ಅತ್ತಂಗಿದೆ ಕಣಯ್ಯ. ಇದಕ್ಕೆ ಯಾವನು ಕುಣೀತಾನೆ?”

ಆ ಟೇಪನ್ನು ವೇಗವಾಗಿ ಓಡಿಸಿ, ಹಾಗೇ ಗ್ರಾಮಫೋನ್ ತಟ್ಟೆಗೆ ಇಳಿಸಿಬಿಟ್ಟ. ಲೆಬರ್ಟನ ಭಾರದ ದನಿ ಎಳೆ ಹುಡುಗನದಾಯಿತು, ಕಿಂಗ್‌ಸ್ಟನ್ ಊರಿಗೆ ಊರೇ ಕುಣಿಯಿತು. ಆಮೇಲೆ ಐವತ್ತು ವರ್ಷ, ತನ್ನದೇ ಅಲ್ಲದ ಆ ಎತ್ತರ ಮುಟ್ಟಲು ಅವನು ವೇದಿಕೆಯ ಮೇಲೆ ಗಂಟಲು ಹರಿದುಕೊಂಡ. “ಮುದುಕನ ಗಂಟಲು ಹೋಯ್ತು, ಇಳೀಯಯ್ಯಾ!” ಎಂದು ಜನ ಕೂಗಿದರು.

ಹೋದ ವರ್ಷ ಅವನ ಹಳೆಯ ಹಾಡುಗಳನ್ನು ಸೇರಿಸಿ ಆಲ್ಬಮ್ ಮಾಡುತ್ತೇನೆಂದು ಟಾಮೀಕ ಎಂಬ ಹುಡುಗಿ ಬಂದಳು. ಮೂಲ ಟೇಪು ಚಂಡಮಾರುತದ ನೀರಿನಲ್ಲಿ ಕೊಳೆತಿತ್ತು. ಅವಳ ಕೈಲಿದ್ದದ್ದು ವೇಗ ಏರಿಸಿದ ನಕಲು ಮಾತ್ರ.

“ಅದನ್ನ ನಿಧಾನ ಮಾಡು. ಇಲ್ದಿದ್ರೆ ಆಲ್ಬಮ್ಮೇ ಬೇಡ,” ಎಂದ ಲೆಬರ್ಟ್.

“ಎಷ್ಟು ನಿಧಾನ ಅಂಕಲ್? ಈ ಸೆಸಿಲ್ ಅಂಕಲ್ ನೆನಪು ನಂಬ್ಕೊಂಡು ಮಾಡ್ಲಾ?”

“ನನ್ನ ನೆನಪು ಬಿಡಮ್ಮ, ತಂತಿ ನಂಬ್ತೀಯೋ?” ಎಂದೆ.

ಆ ಹಾಡು ಶುರುವಾಗುವುದೇ ನನ್ನ ದಪ್ಪ ತಂತಿಯಿಂದ. ಬೆರಳು ಒತ್ತದೆ ಮೀಟಿದ ಸ್ವರ. ಬೇಸ್‌ನಲ್ಲಿ ಅದಕ್ಕಿಂತ ಕೆಳಗಿನ ಸ್ವರವೇ ಇಲ್ಲ. ಮನೆಯಿಂದ ಬೇಸ್ ತಂದು, ಅಂದಿನಂತೆಯೇ ಪಿಯಾನೋಗೆ ಶ್ರುತಿ ಹೊಂದಿಸಿ ಮೀಟಿದೆ. ನಕಲಿನಲ್ಲಿ ಅದೇ ಸ್ವರ ಎಲ್ಲೋ ಮೇಲಿತ್ತು. ಟಾಮೀಕ ಗುಂಡಿ ತಿರುಗಿಸಿ ಇಳಿಸುತ್ತಾ ಬಂದಳು. ಎರಡು ಸ್ವರಗಳು ಕಚ್ಚಾಡಿದವು, ನಡುಗಿದವು, ಒಂದಾದವು.

“ಅಲ್ಲೇ ನಿಲ್ಸು!” ಎಂದೆ.

ಸ್ಪೀಕರಿನಲ್ಲಿ ಇಪ್ಪತ್ನಾಲ್ಕರ ಲೆಬರ್ಟ್ ಎದೆಯಾಳದಿಂದ ಹಾಡತೊಡಗಿದ. ಎಪ್ಪತ್ತೆಂಟರ ಲೆಬರ್ಟ್ ಕುರ್ಚಿಯಿಂದೆದ್ದು ದನಿಗೂಡಿಸಿದ. ಒಂದು ಸ್ವರವೂ ಜಾರಲಿಲ್ಲ.

ಟಾಮೀಕ ಕಣ್ಣೊರೆಸಿಕೊಂಡಳು. ಆದರೂ ವ್ಯಾಪಾರಬುದ್ಧಿ ಬಿಡಬೇಕಲ್ಲ! “ಜನಕ್ಕೆ ಆ ಹಳೇ ಸ್ಪೀಡಿಂದೇ ಇಷ್ಟ ಅಂಕಲ್. ಎರಡೂ ಹಾಕೋಣ.”

“ಇದೊಂದೇ. ಅದೂ ಆಲ್ಬಮ್ಮಿನ ಮೊದಲನೇ ಹಾಡಾಗಿ,” ಎಂದ ಲೆಬರ್ಟ್.

“ಅಂಗಡಿಯೋರು ವಾಪಸ್ ಕಳಿಸಿದ್ರೆ?”

“ಕಳಿಸ್ಲಿ. ಅವರ ಬಾಗಿಲಿಗೇ ಹೋಗಿ ಹಾಡ್ತೀನಿ.”

ಹೋದ ಕೂಡ. ಆಲ್ಬಮ್ ಬಂದ ವಾರ ಆರೆಂಜ್ ಸ್ಟ್ರೀಟಿನ ರೆಕಾರ್ಡ್ ಅಂಗಡಿಯಲ್ಲಿ ಹಾಡಿನ ಮೊದಲ ಸಾಲಿಗೇ ಒಬ್ಬ ಅರಚಿದ: “ಮೆಷಿನ್ ಕೆಟ್ಟಿದೆ, ಸ್ಪೀಡ್ ಹಾಕ್ರೋ!”

ಲೆಬರ್ಟ್ ಮೆಷಿನ್ ನಿಲ್ಲಿಸಿದ. ಅಲ್ಲೇ ನಿಂತು, ಅದೇ ಶ್ರುತಿಯಲ್ಲಿ, ಹಾಡನ್ನು ಕೊನೆಯವರೆಗೂ ಹಾಡಿದ. ಅರಚಿದವನು ಬಾಯಲ್ಲಿದ್ದ ಕರಿದ ಮೀನನ್ನು ಅಗಿಯದೆ ನಿಂತಿದ್ದ.

ಲೆಬರ್ಟನ ಗಂಟಲು ಹೋಗಿದೆ ಎನ್ನುವವರು ನಿಮ್ಮ ಗೆಳೆಯರಲ್ಲೂ ಇದ್ದಾರೆ, ನನಗೆ ಗೊತ್ತು. ಮೊದಲು ಅವರಿಗೆ ಈ ವಾಯ್ಸ್ ನೋಟ್ ಕಳಿಸಿ.