ಖಾಲಿಯ ಗೆರೆ

ಯಂತ್ರದ ತೆರೆಯ ಮೇಲೆ ನೆಟ್ಟಗೆ ಸಾಗುತ್ತಿದ್ದ ಗೆರೆ, ಯಾರೋ ಕೆಳಗಿನಿಂದ ಬೆರಳಿಟ್ಟು ಎತ್ತಿದ ಹಾಗೆ ಒಂದು ಕಡೆ ಉಬ್ಬಿತು. ಉಬ್ಬಿದ್ದು ಅಷ್ಟಕ್ಕೇ ನಿಲ್ಲದೆ ಚೂಪಾಗಿ ಏರಿ, ಗುಡ್ಡವಾಗಿ, ಮತ್ತೆ ಇಳಿದು, ತನಗೇನೂ ಗೊತ್ತೇ ಇಲ್ಲವೆಂಬಂತೆ ಮುಂದಕ್ಕೆ ಹೋಯಿತು.

“ಖಾಲಿಯಲ್ಲೂ ಬಂತಲ್ಲ,” ಎಂದರು ಅವಳ ಬೆನ್ನ ಹಿಂದೆ ನಿಂತಿದ್ದ ಖಾಲಿ ಸಾರ್.

ಅವಳು ಕಿವಿಯ ಮುಂದೆ ಇಳಿದಿದ್ದ ಕೂದಲನ್ನು ಕೈಗವಸಿನ ಬೆರಳಿನಿಂದಲೇ ಹಿಂದಕ್ಕೆ ಸಿಕ್ಕಿಸಿಕೊಂಡಳು. ಯಾರಾದರೂ ಹತ್ತಿರ ನಿಂತು ಮಾತಾಡಿಸಿದರೆ ಅವಳ ಕೈ ಮೊದಲು ಹೋಗುತ್ತಿದ್ದುದೇ ಅಲ್ಲಿಗೆ. ಮಾತು ಆಮೇಲೆ, ಬಂದರೆ.

“ಟೋಪಿ ಹಾಕ್ಕೊಳ್ಳಮ್ಮ ಅಂತ ಎಷ್ಟು ಸಲ ಹೇಳೋದು,” ಎಂದು ಅವರು ಗೋಡೆಯ ಕಪಾಟಿನ ಕಡೆ ಗದ್ದ ತೋರಿಸಿದರು. ಅಲ್ಲಿ ಕಾಗದದ ಟೋಪಿಗಳ ಡಬ್ಬ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಹಾಕಿಕೊಂಡಾಗ, ಗಾಜು ತೊಳೆಯುವ ಅಕ್ಕ “ಕಿವಿ ಎರಡೂ ಬಾಣಲೆ ಹಿಡಿ ಹಾಗೆ ಕಾಣ್ತವೆ ಕಣೇ” ಎಂದು ನಕ್ಕಿದ್ದಳು. ಅಂದಿನಿಂದ ಅವಳು ಆ ಡಬ್ಬದ ತಂಟೆಗೆ ಹೋಗಿರಲಿಲ್ಲ.

ಅದು ತಿನ್ನುವ, ಕುಡಿಯುವ ಪದಾರ್ಥಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯ. ಅಂಗಡಿಗಳಿಂದ ಮೊಹರು ಹಾಕಿ ತಂದ ಬಾಟಲಿಗಳಲ್ಲಿ ಕೀಟನಾಶಕದ ಅಂಶ ಉಳಿದಿದೆಯೇ, ಉಳಿದಿದ್ದರೆ ನಿಯಮ ಹೇಳುವ ಮಿತಿಯೊಳಗಿದೆಯೇ ಎಂದು ನೋಡುವುದು ಅವಳ ಕೆಲಸ. ಪಾನೀಯವನ್ನು ದ್ರಾವಕದ ಜೊತೆ ಕುಲುಕಿ, ಮೇಲೆ ನಿಂತದ್ದನ್ನು ಬೇರೆ ಮಾಡಿ, ಇಂಗಿಸಿ, ಉಳಿದ ಹನಿಯನ್ನು ಯಂತ್ರಕ್ಕೆ ಕೊಡಬೇಕು. ವಿಷವಿದ್ದರೆ ಗೆರೆ ಗುಡ್ಡವಾಗುತ್ತದೆ. ಇದರ ಜೊತೆಗೆ, ಬರೀ ಶುದ್ಧ ನೀರನ್ನೂ ಅದೇ ಗಾಜಿನಲ್ಲಿ, ಅದೇ ಕೈಯಿಂದ, ಅದೇ ರೀತಿ ದಾಟಿಸಬೇಕು. ಅದಕ್ಕೆ ಅಲ್ಲಿ ಎಲ್ಲರೂ ‘ಖಾಲಿ’ ಎನ್ನುತ್ತಿದ್ದರು. ಖಾಲಿಯ ಗೆರೆ ಎಳೆದು ಕಟ್ಟಿದ ದಾರದಂತೆ ನೆಟ್ಟಗಿರಬೇಕು. ಅಲ್ಲೂ ಗುಡ್ಡ ಎದ್ದರೆ ವಿಷ ಬಾಟಲಿಯದಲ್ಲ, ಮನೆಯೊಳಗಿನದು ಎಂದರ್ಥ. ಯಾರು ಯಾವ ಫಲಿತಾಂಶ ತಂದರೂ ಹಿರಿಯ ಪರೀಕ್ಷಕರಾದ ಸಾರ್ ಮೊದಲು ಕೇಳುತ್ತಿದ್ದುದು “ಖಾಲಿ ಎಲ್ಲಿ?” ಎಂದು. ಹಾಗಾಗಿ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಹಿಂದಿನ ದಿನ ಖಾಲಿ ಸಾರ್ ರಜೆಯಲ್ಲಿದ್ದರು. ದೊಡ್ಡ ಕಂಪನಿಯೊಂದರ ಕಿತ್ತಳೆ ಬಣ್ಣದ ಪಾನೀಯ ಬಂದಿತ್ತು. ಖಾಲಿಯನ್ನು ಆಮೇಲೆ ಹಾಕಿದರಾಯಿತು, ಮೊದಲು ಇದರಲ್ಲಿ ಏನಿದೆ ನೋಡೋಣ ಎಂದು ಅವಳು ಬಾಟಲಿಯನ್ನೇ ಹಾಕಿದ್ದಳು. ಗುಡ್ಡವೆಂದರೆ ಅಂಥಿಂಥ ಗುಡ್ಡವಲ್ಲ, ಮಿತಿಯ ಗೆರೆ ಅದರ ಪಾದದಲ್ಲೆಲ್ಲೋ ಇತ್ತು. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕುರ್ಚಿಯಿಂದ ಎದ್ದು ಬಂದು ನೋಡಿ, “ಪರವಾಗಿಲ್ವೇ, ಬಾಯಿಲ್ಲದೋಳು ಭಾರಿ ಬೇಟೆ ಹೊಡೆದಿದೀಯಾ” ಎಂದಿದ್ದರು. ಅವಳು ಅಂದು ಸಂಜೆ ನೆಲಕ್ಕೆ ಕಾಲು ತಾಗದಂತೆ ಮನೆಗೆ ಹೋಗಿದ್ದಳು.

ಈ ಬೆಳಿಗ್ಗೆ ಸಾರ್ ಬಂದವರೇ, “ಖಾಲಿ ಇಲ್ಲದ ಫಲಿತಾಂಶ ತಳ ಇಲ್ಲದ ಕೊಡ. ಹೊಸದಾಗಿ ಮಾಡು, ಖಾಲಿ ಸಮೇತ” ಎಂದರು. ಅವಳು ಮಾಡಿದಳು. ಯಂತ್ರಕ್ಕೆ ಹಾಕಿ ಊಟಕ್ಕೆ ಹೋಗಿ ಬಂದಳು. ಈಗ ಇದು.

“ಈ ಫಲಿತಾಂಶ ನಿಲ್ಲಲ್ಲ,” ಎಂದರು ಸಾರ್. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಗಾಜೆಲ್ಲ ತೊಳೆಸು. ನಾಳೆ ನೋಡೋಣ.” ಅವರ ಮಾತಿನಲ್ಲಿ ಬೇಸರವಿರಲಿಲ್ಲ. ಅದೇ ಅವಳಿಗೆ ಸರಿಬರಲಿಲ್ಲ. ಇಷ್ಟು ದೊಡ್ಡ ಬೇಟೆ ಕೈತಪ್ಪಿದರೆ ಯಾರಿಗಾದರೂ ಒಂಚೂರು ಬೇಸರವಾಗಬೇಡವೇ?

ಗಾಜು ತೊಳೆಯುವ ಕಟ್ಟೆಯ ಹತ್ತಿರ ಅಕ್ಕ ಮೊಣಕೈವರೆಗೆ ನೊರೆಯಲ್ಲಿದ್ದಳು. “ನನ್ನ ಗಾಜಿನ ಮೇಲೆ ಹಾಕ್ತಿದಾರಾ ತಪ್ಪನ್ನ? ಹೆತ್ತ ಮಕ್ಕಳನ್ನ ಇಷ್ಟು ತೊಳೆದಿಲ್ಲ ನಾನು.” ಆಮೇಲೆ ದನಿ ತಗ್ಗಿಸಿದಳು. “ಮೌನಗೌರಿ, ನಿನಗೆ ಮಾತ್ರ ಹೇಳ್ತೀನಿ. ಮೊನ್ನೆ ಸಂಜೆ ನಿನ್ನ ಸಾರ್ ಯಾರ ಕಾರಿಂದ ಇಳಿದರು ಗೊತ್ತಾ? ಆ ಕಿತ್ತಳೆ ಕಂಪನಿಯವನು ಆಗಾಗ ಫೈಲು ಹಿಡಕೊಂಡು ಬರ್ತಾನಲ್ಲ, ಹೊಳೆಯೋ ಶೂ, ಅವನದ್ದು. ನನ್ನ ಕಣ್ಣಾರೆ ನೋಡಿದೀನಿ.”

“ಏನೋ ಕೆಲಸ ಇದ್ದಿರಬಹುದು.”

“ಇರುತ್ತೆ, ಇರುತ್ತೆ. ಬೆಂಕಿ ಇಲ್ಲದೆ ಹೊಗೆ ಆಡಲ್ಲ ಕಣೇ.” ಅಕ್ಕ ಮೂಗು ಸೊಟ್ಟ ಮಾಡಿದಳು. “ಅದೇನು ಘಾಟು ನಿನ್ನ ಹತ್ರ? ಆ ದ್ರಾವಕದಲ್ಲೇ ಮುಳುಗಿ ಎದ್ದು ಬರ್ತೀಯೋ ಹೇಗೆ?”

ಅವಳು ಕೂದಲು ಸಿಕ್ಕಿಸಿಕೊಂಡಳು. ತಾನು ಊಟಕ್ಕೆ ಹೋಗಿದ್ದಾಗ ಕೋಣೆಯಲ್ಲಿದ್ದದ್ದು ಅವರೊಬ್ಬರೇ. ಖಾಲಿಯ ಪುಟ್ಟ ಸೀಸೆ ಯಂತ್ರದ ತಟ್ಟೆಯಲ್ಲಿ ಬಾಯಿ ತೆರೆದು ಕೂತಿರುತ್ತದೆ. ಬಾಟಲಿಯ ಹನಿಯನ್ನು ಅದಕ್ಕೆ ಒಂದಿಷ್ಟು ತಾಗಿಸಿದರೆ ಮುಗಿಯಿತು, ಖಾಲಿ ಕೆಡುತ್ತದೆ, ಖಾಲಿ ಕೆಟ್ಟರೆ ಕಂಪನಿ ಉಳಿಯುತ್ತದೆ. ಖಾಲಿಯ ಬೆಲೆ ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಒಮ್ಮೆ ಹೀಗೆ ಹೊಳೆದ ಮೇಲೆ ಎಲ್ಲವೂ ಅದಕ್ಕೇ ಹೊಂದಿಕೊಳ್ಳುತ್ತಾ ಹೋಯಿತು. ಅವರ ಹೊಸ ಕನ್ನಡಕ. ಅವರು ಫೋನ್ ಬಂದಾಗ ಹೊರಗೆ ಹೋಗಿ ಮಾತಾಡುವುದು. ಸರಿಯಾಗಿ ಈ ಬಾಟಲಿ ಬಂದ ದಿನವೇ ಹಾಕಿದ ರಜೆ.

ಸಂಜೆ, ಬದುಕಿನಲ್ಲಿ ಮೊದಲ ಸಲ, ಅವಳು ಕರೆಯದೆಯೇ ಮೇಡಂ ಕೋಣೆಯ ಬಾಗಿಲು ತಟ್ಟಿದಳು.

“ನಾನು ಊಟಕ್ಕೆ ಹೋದಾಗ ರೂಮಲ್ಲಿ ಅವರೊಬ್ಬರೇ ಇದ್ದದ್ದು, ಮೇಡಂ. ಕೀಲಿಕೈ ಅವರ ಹತ್ರಾನೇ ಇರುತ್ತೆ. ಅವರು ಕಂಪನಿ ಕಾರಿಂದ ಇಳಿದದ್ದನ್ನ ನೋಡಿದವರಿದಾರೆ.”

ಮೂರು ಮಾತೂ ಸುಳ್ಳಲ್ಲ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಆ ಮೂರೂ ಸೇರಿ ನಾಲ್ಕನೆಯದೊಂದು ಮಾತಾಗಿತ್ತು. ಅದನ್ನು ಅವಳು ಆಡಿರಲಿಲ್ಲ, ಮೇಡಂ ಕೇಳಿಸಿಕೊಂಡಿದ್ದರು.

“ನಿನ್ನಂಥವಳೇ ಬಂದು ಹೇಳ್ತಿದಾಳೆ ಅಂದ್ರೆ ಏನೋ ಇರಲೇಬೇಕು,” ಎಂದರು ಮೇಡಂ, ಪೆನ್ನಿನ ಮುಚ್ಚಳ ತಿರುಗಿಸುತ್ತಾ. “ಅವರ ಮನೆ ನಡೆಯೋದು ಈ ಕೆಲಸದಿಂದ. ಆದರೂ ನನ್ನ ಕೈ ಕಟ್ಟಿದೆ. ನಾಳೆ ಹತ್ತು ಗಂಟೆಗೆ ಕೀಲಿಕೈ ಇಸ್ಕೊಂಡು ಮನೆಗೆ ಕಳಿಸ್ತೀನಿ. ಮೇಲಿನವರು ವಿಚಾರಣೆ ಮಾಡ್ಕೊಳ್ಳಲಿ.”

ಮನೆಯಲ್ಲಿ ಅಮ್ಮ ಟೊಮೆಟೊಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟಿದ್ದಳು. ಮಗಳು ಈ ಕೆಲಸಕ್ಕೆ ಸೇರಿದಾಗಿನಿಂದ ಅಮ್ಮನಿಗೆ ಜಗತ್ತಿನ ಮೇಲೆಯೇ ನಂಬಿಕೆ ಹೋಗಿತ್ತು. ಹಾಲಿನವನು ಏನು ಬೆರೆಸುತ್ತಾನೋ, ಹಣ್ಣಿನವನು ಏನು ಹೊಡೆಯುತ್ತಾನೋ. ದ್ರಾಕ್ಷಿಯಂತೂ ಮನೆಯ ಹೊಸ್ತಿಲು ದಾಟಿ ವರ್ಷವಾಗಿತ್ತು. “ದುಡ್ಡು ಕೊಟ್ಟು ವಿಷ ತಿನ್ನೋ ಕಾಲ,” ಎನ್ನುತ್ತಾ ಅಮ್ಮ ಮೊಮ್ಮಗಳನ್ನು ಕಾಲುಗಳ ನಡುವೆ ಕೂರಿಸಿಕೊಂಡು, ಸೀಸೆಯಿಂದ ಅಂಗೈಗೆ ಔಷಧಿ ಸುರಿದು, ಅವಳ ತಲೆಗೆ ತಿಕ್ಕುತ್ತಿದ್ದಳು. ಮಗುವಿನ ತಲೆಯಲ್ಲಿ ಹೇನಿದೆ, ಹೋಗುವವರೆಗೆ ಕಳಿಸಬೇಡಿ ಎಂದು ಶಾಲೆಯವರು ವಾಪಸ್ ಕಳಿಸಿದ್ದರು.

“ಚಿಕ್ಕಿ, ಹೇನು ಸತ್ತ ಮೇಲೆ ಎಲ್ಲಿಗೆ ಹೋಗ್ತಾವೆ?” ಎಂದಿತು ಮಗು.

“ನಿಮ್ಮ ಶಾಲೆಗೆ,” ಎಂದಳು ಅಜ್ಜಿ. “ತಲೆ ಅಲ್ಲಾಡಿಸಬೇಡ. ನೀನೂ ಬಾರೇ ಇಲ್ಲಿ, ನಿನ್ನದೂ ಮುಗಿಸಿಬಿಡ್ತೀನಿ.”

ಮಗು ಮಲಗುತ್ತಿದ್ದುದು ಅವಳ ಪಕ್ಕದಲ್ಲೇ, ಅವಳ ಕೂದಲನ್ನೇ ಹೊದ್ದುಕೊಂಡು. ಹಾಗಾಗಿ ಅವಳಿಗೂ ಹಚ್ಚುವುದು ನಡೆದಿತ್ತು. ಅವಳು ನೆಲದ ಮೇಲೆ ಕೂತು ತಲೆ ಬಗ್ಗಿಸಿದಳು. ತಣ್ಣನೆಯ ಹನಿ ನೆತ್ತಿಯಿಂದ ಕಿವಿಯ ಕಡೆ ಇಳಿಯಿತು. ಕೈ ತಾನಾಗಿ ಮೇಲೆ ಹೋಗಿ, ಕೂದಲನ್ನು ಸಿಕ್ಕಿಸಿ, ಕೆಳಗೆ ಬಂತು. ಬೆರಳು ಮೂಗಿನ ಮುಂದೆಯೇ ಹಾದುಹೋಯಿತು.

ಘಾಟು. ದ್ರಾವಕದ್ದೆಂದು ಎರಡು ದಿನದಿಂದ ತಾನೂ ಅಂದುಕೊಂಡಿದ್ದ ಘಾಟು.

“ಅಮ್ಮ, ಇದನ್ನ ಯಾವತ್ತಿಂದ ಹಚ್ತಿದೀಯಾ ನನಗೆ?”

“ಮೊನ್ನೆ ರಾತ್ರಿಯಿಂದ. ಯಾಕೆ? ಅಂಗಡಿಯವನು ಜೋರಾದ್ದೇ ಕೊಟ್ಟಿದಾನೆ. ಮೂರು ದಿನ ತಲೆಗೆ ನೀರು ಸೋಕಿಸಬಾರದಂತೆ.”

“ಏನಿದೆ ಇದರಲ್ಲಿ?”

“ಹೇನು ಸಾಯೋದು ಏನಿರುತ್ತೋ ಅದು.” ಸೀಸೆಯ ಮೇಲಿನ ಅಕ್ಷರಗಳು ಎಣ್ಣೆಗೈಗೆ ಸಿಕ್ಕಿ ಎಂದೋ ಅಳಿಸಿಹೋಗಿದ್ದವು. “ಕಂಡೋರ ಎಲೆ ನೊಣ ಹುಡುಕೋದೇ ಆಯ್ತು ನಿನ್ನದು. ಇನ್ನು ಮನೇಲೂ ಶುರುಮಾಡು.”

ಅವಳು ಫೋನ್ ತೆಗೆದುಕೊಂಡು ಹಿತ್ತಲಿಗೆ ಹೋದಳು. ಮೇಡಂ ಹೆಸರಿನ ಮೇಲೆ ಬೆರಳಿಟ್ಟಳು, ತೆಗೆದಳು. ಏನೆಂದು ಹೇಳುವುದು? ಸಂಜೆ ಒಂದು ಅನುಮಾನ, ರಾತ್ರಿಗೆ ಇನ್ನೊಂದು? ಕೈಯಲ್ಲಿ ಗೆರೆ ಇಲ್ಲದೆ ಮತ್ತೊಂದು ಮಾತಾಡುವುದು ಬೇಡವೆಂದುಕೊಂಡಳು. ಧೈರ್ಯ ಸಾಲಲಿಲ್ಲ ಎಂಬುದೂ ನಿಜ. ಒಳಗೆ ಬಂದು, ಒಂದು ತುಂಡು ಹತ್ತಿಯನ್ನು ಕೂದಲಿಗೆ ಚೆನ್ನಾಗಿ ಒರೆಸಿ, ಗಾಜಿನ ಸೀಸೆಗೆ ಹಾಕಿ ಮುಚ್ಚಳ ಬಿಗಿದಳು. ಆಮೇಲೆ ನೆತ್ತಿ ಉರಿಯುವವರೆಗೆ ತಲೆ ತೊಳೆದಳು. ಅಂಗಡಿಯವನ ಮಾತು ಮೀರಿದ್ದಕ್ಕೆ ಅಮ್ಮ ಬೈಯುತ್ತಲೇ ಇದ್ದಳು.

ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆಯೇ ಹೋದಾಗ ಕಾವಲುಗಾರ ತನ್ನ ಗೊಂಚಲಿನ ಕೀಲಿಕೈಯಿಂದ ಬಾಗಿಲು ತೆಗೆದುಕೊಟ್ಟ. ಅವನ ಹತ್ತಿರವೂ ಒಂದು ಕೀಲಿಕೈ ಇರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನಿನ್ನೆ ಮೇಡಂ ಮುಂದೆ ನಿಂತಾಗ ಮಾತ್ರ ಅದು ನೆನಪಿಗೆ ಬಂದಿರಲಿಲ್ಲ.

ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಳು. ಹೊಸ ಕೈಗವಸು, ಹೊಸ ಗಾಜು, ಮೊಹರು ಒಡೆಯದ ಅದೇ ಬ್ಯಾಚಿನ ಇನ್ನೊಂದು ಬಾಟಲಿ. ಮೊದಲು ಖಾಲಿ, ಆಮೇಲೆ ಬಾಟಲಿ, ಎಲ್ಲಕ್ಕಿಂತ ಕೊನೆಗೆ ಹತ್ತಿ. ಯಂತ್ರಕ್ಕೆ ಅವಸರವೆಂಬುದೇ ಇಲ್ಲ. ಅದು ತನ್ನ ಪಾಡಿಗೆ ಗುಂಯ್ ಎನ್ನುತ್ತಾ ಗೆರೆ ಎಳೆಯುತ್ತಿತ್ತು. ಖಾಲಿ ನೆಟ್ಟಗೆ ಹೋಯಿತು, ಕೊನೆಯವರೆಗೂ. ಬಾಟಲಿಯದು ಅದೇ ಜಾಗದಲ್ಲಿ ಇರುವೆ ಏರಿ ಇಳಿಯುವಷ್ಟು ಉಬ್ಬಿತು. ಅವಳು ಅದನ್ನು ದಿಟ್ಟಿಸಿ ನೋಡುತ್ತಿರುವಾಗ ಅಕ್ಕ ಬಾಗಿಲಲ್ಲಿ ತಲೆ ಹಾಕಿದಳು.

“ಸಾರ್‌ನ ಒಳಗೆ ಕರೆದಿದಾರೆ ಕಣೇ. ಬಾಗಿಲು ಹಾಕಿದಾರೆ.” ಅಕ್ಕನ ಮುಖದಲ್ಲಿ ಹೆದರಿಕೆಯೂ ಹಬ್ಬವೂ ಒಟ್ಟಿಗೇ ಇದ್ದವು.

ಅವಳು ಎದ್ದಳು. ಹತ್ತಿಯ ಗೆರೆ ಇನ್ನೂ ನೆಟ್ಟಗೆ ಬರುತ್ತಿತ್ತು. ಕೂತಳು. ಮತ್ತೆ ಏಳುವಷ್ಟರಲ್ಲಿ ಖಾಲಿ ಸಾರ್ ಒಳಗೆ ಬಂದು, ಅವಳನ್ನು ನೋಡದೆ ತಮ್ಮ ಮೇಜಿನ ಹತ್ತಿರ ಹೋದರು. ಕೀಲಿಕೈಯನ್ನು ಉಂಗುರದಿಂದ ಬಿಡಿಸಲು ಉಗುರು ಸಾಲಲಿಲ್ಲ. ಹಲ್ಲಿನಿಂದ ಬಿಡಿಸಿ ಮೇಜಿನ ಮೇಲಿಟ್ಟರು. ಕನ್ನಡಕದ ಡಬ್ಬಿಯನ್ನು ಚೀಲಕ್ಕೆ ಹಾಕಿದರು. ಮೇಜಿನ ಮೇಲೆ ಅವರದೆಂದು ಬೇರೇನೂ ಇದ್ದಂತಿರಲಿಲ್ಲ.

“ಸಾರ್,” ಎಂದಳು.

ತೆರೆಯ ಮೇಲೆ ಗೆರೆ ಎದ್ದಿತು. ಏರಿ, ಏರಿ, ತೆರೆಯ ಮೇಲಂಚನ್ನು ದಾಟಿ ಎಲ್ಲಿಗೋ ಹೋಯಿತು. ಸಾರ್ ನಿಂತಲ್ಲಿಂದಲೇ ಅದನ್ನು ನೋಡಿದರು. ಚೀಲ ಹೆಗಲಲ್ಲೇ ಇತ್ತು.

“ಖಾಲಿ ಎಲ್ಲಿ?” ಎಂದರು.

ಅವಳು ತೋರಿಸಿದಳು. ಅವರು ಬಗ್ಗಿ, ಆ ನೆಟ್ಟನೆಯ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ಓದಿದರು.

“ಇದೇನು ಹಾಗಾದರೆ, ಈ ಬೆಟ್ಟ?”

“ನನ್ನ ಕೂದಲು, ಸಾರ್. ಹೇನಿನ ಔಷಧಿ.” ಉಳಿದದ್ದನ್ನೂ ಹೇಳಬೇಕಿತ್ತು. “ಮೇಡಂ ಹತ್ರ ಹೇಳಿದ್ದೂ ನಾನೇ.”

“ಗೊತ್ತಾಯ್ತು,” ಎಂದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. “ನಿನ್ನ ಜಾಗದಲ್ಲಿದ್ದಿದ್ದರೆ ನನಗೂ ಅನುಮಾನ ಬರ್ತಿತ್ತೇನೋ. ನಡಿ ಮೇಡಂ ಹತ್ರ, ಬಾಟಲಿ ಗೆರೆನೂ ತಗೋ.”

ಮೇಡಂ ಮೂರೂ ಗೆರೆ ನೋಡಿ, ಹಣೆ ತಿಕ್ಕಿಕೊಂಡು, ಸಾರ್ ತಂದಿಟ್ಟ ಕೀಲಿಕೈಯನ್ನು ಅವರ ಕಡೆಗೇ ಸರಿಸಿದರು. ಆದರೂ ಕೇಳಿದರು: “ಆ ಕಾರು?”

“ಹತ್ತಿದ್ದೆ. ಮಳೆ ಇತ್ತು, ಬನ್ನಿ ಬಿಡ್ತೀನಿ ಅಂದ. ದಾರೀಲಿ ಮಾತು ಬೇರೆ ಕಡೆ ತಿರುಗಿಸಿದ, ಇಳಿದುಬಿಟ್ಟೆ.”

ಮಳೆ ಅಂದು ಬಂದಿತ್ತೇ? ಅವಳು ನೆನಪು ಮಾಡಿಕೊಳ್ಳಲು ಹೋಗಿ, ತನ್ನನ್ನು ತಾನೇ ತಡೆದುಕೊಂಡಳು.

“ಬಾಟಲಿಯಲ್ಲಿ ಏನಿದೆ ಕೊನೆಗೆ?” ಮೇಡಂ ಅವಳನ್ನು ಕೇಳಿದರು.

“ಇದೆ. ಮಿತಿಯ ಒಳಗೆ.”

“ಹಾಗಾದರೆ ಪಾಸು,” ಎಂದು ಮೇಡಂ ಸಹಿ ಹಾಕಿದರು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು, “ಮಿತಿಯ ಒಳಗೆ ಅಂದ್ರೆ? ವಿಷ ಇದೆಯೋ ಇಲ್ಲವೋ?”

“ಇದೆಯಮ್ಮ. ಇಲ್ಲ ಅನ್ನಬಹುದಾದಷ್ಟು ಇದೆ.”

“ಅದ್ಯಾವ ಸೀಮೆ ಲೆಕ್ಕವೋ,” ಎಂದು ಅಮ್ಮ ಹಾಲನ್ನು ಮೂಸಿ ನೋಡಿ ಒಲೆಯ ಮೇಲಿಟ್ಟಳು.

ಆಮೇಲೆ ಕೆಲಸ ಎಂದಿನಂತೆ ನಡೆಯಿತು. ಸಾರ್ ಆ ಮಾತನ್ನು ಮತ್ತೆ ಎತ್ತಲಿಲ್ಲ. ಟೋಪಿಯ ವಿಷಯವನ್ನೂ ಎತ್ತಲಿಲ್ಲ, ಎತ್ತುವ ಕಾರಣವೂ ಇರಲಿಲ್ಲ. ಅಕ್ಕ ಮಾತ್ರ ಬಾಣಲೆಯ ಮಾತು ತೆಗೆದು ಒಬ್ಬಳೇ ನಕ್ಕಳು. ಖಾಲಿಗಳು ಒಂದರ ಹಿಂದೊಂದು ನೆಟ್ಟಗೆ ಬಂದವು.

ಊಟದ ಹೊತ್ತಿಗೆ ಅವಳು ಡಬ್ಬಿ ಹಿಡಿದು ಎದ್ದರೆ ಸಾರ್ ಕೂಡ ಎದ್ದುಬಿಡುತ್ತಿದ್ದರು. ಮೊದಲೆಲ್ಲ ಅವರು ಯಂತ್ರದ ಪಕ್ಕದಲ್ಲೇ ಕೂತು, ತಟ್ಟೆಯಲ್ಲಿ ತಿರುಗುವ ಸೀಸೆಗಳನ್ನು ನೋಡುತ್ತಾ ಉಣ್ಣುತ್ತಿದ್ದವರು. ಈಗ ಅವಳ ಹಿಂದೆಯೇ ಹೊರಗೆ ಬಂದು, ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಕೀಲಿಕೈಯನ್ನು ಅವಳ ಅಂಗೈಯಲ್ಲಿ ಇಡುತ್ತಿದ್ದರು.

“ಇರಲಿ ಸಾರ್, ನಿಮ್ಮ ಹತ್ರಾನೇ ಇರಲಿ,” ಎಂದು ಮೊದಲ ದಿನ ಹೇಳಿ ನೋಡಿದಳು.

“ನಿಧಾನಕ್ಕೆ ಊಟ ಮಾಡಮ್ಮ. ಅವಸರ ಇಲ್ಲ,” ಎಂದರು.

ಅವಳು ಉಂಡು ಬರುವಾಗ ಅವರು ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತಿದ್ದರು, ತೊಳೆದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು. ಮುಚ್ಚಿದ ಬಾಗಿಲ ಹಿಂದೆ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಅವಳ ಕೈ ಕಿವಿಯ ಕಡೆ ಹೋಯಿತು. ಬೆರಳಿಗೆ ಕಾಗದ ತಾಗಿತು.