ಮುಚ್ಚದ ತಪ್ಪು

ಗಾಜಿನ ಗೋಡೆಗೆ ಇಪ್ಪತ್ತೆಂಟು ಸಾವಿರ ಯೂರೋ. ಒಳಗಿನ ದೀಪಕ್ಕೆ ಆರು ಸಾವಿರ. ಫ್ರಾನ್ಸಿನ ಲಿಯೋಂ ಪಟ್ಟಣದ ಆ ವಿಡಿಯೋ ಗೇಮ್ ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಅದರ ಚರಿತ್ರೆಯನ್ನು ಬಾಗಿಲ ಬಳಿಯ ಈ ಗಾಜಿನ ಮೇಲೆ ಕೆತ್ತಿಸುತ್ತಿದ್ದರು. ಆಟಗಳಲ್ಲಿ ತಪ್ಪು ಹುಡುಕುವ ಒದೀಲಳಿಗೆ ತಿಂಗಳಿಗೆ ಸಾವಿರದ ನಾನೂರು.

“ಏಯ್ ಒದೀಲ್, ಹೆಂಗೂ ಕುಂಡಿ ಸವೆಸ್ಕೊಂಡು ಕೂತಿದ್ದೀಯ. ಗೋಡೆಯ ಈ ಬರಹದಾಗೂ ತಪ್ಪಿದ್ರೆ ಹುಡುಕು,” ಎಂದು ಮ್ಯಾನೇಜರ್ ಗೋತಿಯೆ ಹಾಳೆ ಎಸೆದು ಹೋದ.

‘ಎರಡು ಸಾವಿರದ ಒಂಬತ್ತು: ಕಂಪನಿ ಹಗುರವಾಯಿತು.’

“ಹಗುರವಂತೆ!” ಪಕ್ಕದ ಜೊಹ್ರಾ ಊಟದ ಡಬ್ಬಿ ಮುಚ್ಚಿದಳು. “ಐವತ್ತೆಂಟು ಜನಾನ ಒಂದೇ ಬೆಳಿಗ್ಗೆ ಬೀದಿಗ್ ತಳ್ಳಿದ್ರು, ಹಲ್ಕಾ ನನ್ಮಕ್ಳು. ಅವರಲ್ಲೊಬ್ಬ ಮಾರ್ಸೆಲ್, ಅವನ ಕೋಟು ಒಳಗೇ ನೇತಾಡ್ತಿತ್ತು. ತಗೊಳಾಕೂ ಬಿಡ್ಲಿಲ್ಲ.”

“ಸುಮ್ನಿರೇ. ನನ್ ಕರಾರು ಇನ್ನು ಹದಿನೈದೇ ದಿನ.”

ಆದರೂ ಒದೀಲಳ ಕೈ ಸುಮ್ಮನಿರಲಿಲ್ಲ. ತುಂಡು ತುಂಡು ಕರಾರಿನಲ್ಲಿ ಹದಿನೇಳು ವರ್ಷದ ರೂಢಿ. ಆಟದ ತಪ್ಪು ಬರೆಯುವಂತೆಯೇ ಕಂಪ್ಯೂಟರಿನ ತಪ್ಪುಪಟ್ಟಿಯಲ್ಲಿ ಬರೆದಳು. ಇರಬೇಕಾದದ್ದು: ಐವತ್ತೆಂಟು ಹೆಸರು. ಇರುವುದು: ಹಗುರ. ತೀವ್ರತೆ: ಇದಿರುವಾಗ ಆಟ ಹೊರಗೆ ಬಿಡುವಂತಿಲ್ಲ.

ಗೋತಿಯೆ ಅದಕ್ಕೆ ‘ಬೇಕೆಂದೇ ಹೀಗಿದೆ’ ಎಂದು ಬರೆದ. ಆದರೆ ಪಟ್ಟಿಯ ಕಟ್ಟಳೆಯೇ ಬೇರೆ. ತಪ್ಪು ಕಂಡವರೇ ಸರಿಯಾಯಿತು ಎನ್ನದೆ ಅದು ಮುಚ್ಚದು. ಗೋತಿಯೆ ದಡದಡ ಇಳಿದು ಬಂದ.

“ಲೇ, ತಲೆ ಕೆಟ್ಟೈತಾ? ನಾಳೆ ಪ್ಯಾರಿಸ್ನಿಂದ ದೊಡ್ಡೋರು ಬರ್ತಾರೆ. ಮುಚ್ಚು, ಇನ್ನೊಂದು ವರ್ಷ ಕರಾರು ಕೊಡಿಸ್ತೀನಿ. ಇಲ್ಲಾಂದ್ರೆ ನಿನ್ ದಾರಿ ನಿಂಗೆ.”

“ಸರಿಯಾಗಿದ್ರೆ ಮುಚ್ತಿದ್ದೆ, ಮುಸ್ಯೂ.”

“ಗಾಜು ಕೊರ್ದಾಗೈತೆ ಕಣೇ!”

“ಹಂಗಾರೆ ತೆರ್ದೇ ಇರ್ಲಿ.”

ಅವಳಿಗೆ ಜಗಳ ಬೇಕಿರಲಿಲ್ಲ. ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟು ಕೂತರೆ ಸಾಕಿತ್ತು. ‘ಸರಿಯಾಗಿಲ್ಲ’ ಎಂಬ ಗುಂಡಿ ಒತ್ತಿದಳು, ತಪ್ಪು ತೆರೆದೇ ಉಳಿಯಿತು.

ಅದರ ಕೆಳಗೆ ‘ನಾನೂ ಕಂಡೆ’ ಎಂದು ಉಳಿದವರು ಹೆಸರು ಹಾಕುವ ಜಾಗವಿತ್ತು. ಜೊಹ್ರಾ ಹಾಕಿದಳು. ಹಿಂದಿನ ಸಾಲಿನಿಂದ ಒಬ್ಬ, ಮೇಲಿನ ಮಹಡಿಯಿಂದ ನಾಲ್ವರು. ಸಂಜೆಗೆ ಎಪ್ಪತ್ತಮೂರು ಹೆಸರು.

ಮರುದಿನ ಗೋಡೆ ಇದ್ದಂತೆಯೇ ಎದ್ದಿತು. ಷಾಂಪೇನ್ ಕುಡಿದು ಪ್ಯಾರಿಸ್ಸಿನವರು ಹೋದರು. ಹದಿನೈದನೆಯ ದಿನ ಒದೀಲ್ ತನ್ನ ಲೋಟ, ಚಪ್ಪಲಿ ಚೀಲಕ್ಕೆ ತುಂಬಿಕೊಂಡಳು. ಕೆಲಸ ಹೋಯಿತು. ಆ ತಪ್ಪನ್ನು ಮಾತ್ರ ಈವರೆಗೂ ಯಾರೂ ಮುಚ್ಚಿಲ್ಲ.